ಬೈಲಿನ ನಕ್ಷೆಯಲ್ಲಿ ನಮ್ಮವರು ಎಲ್ಲಿ?



ಮರಳಾಗಲಿ, ಜೇಡಿಮಣ್ಣಾಗಲಿ, ಗಣಿಗಾರಿಕೆ ಅಂದ ಕೂಡಲೇ ಎಲ್ಲರೂ ಕೇಳೋದು "ಸರ್ವೆ ನಂಬರ್ ಯಾರದ್ದು?" ಅಂತ. ಜಾಗ ಎಂಥದ್ದು ಅಂತ ಯಾರೂ ಕೇಳುವುದಿಲ್ಲ. ನಮ್ಮ ಕೆಮ್ಮಣ್ಣಿನಲ್ಲಿ ಅದನ್ನೇ ಮೊದಲು ಕೇಳಬೇಕು. ಸ್ವರ್ಣಾ ನದಿ ಘಟ್ಟದಿಂದ ಹೊತ್ತು ತಂದ ಮೆಕ್ಕಲು ಮಣ್ಣೇ ಇಲ್ಲಿನ ಬೈಲು, ಇಲ್ಲಿನ ಕುದ್ರು.

ಅಮೆರಿಕದಲ್ಲಿ 1977ರಲ್ಲಿ ಕಲ್ಲಿದ್ದಲು ಗಣಿಗಳಿಗೆ ಒಂದು ಕಾನೂನು ಬಂತು. ಅಲ್ಲಿನ ಪಶ್ಚಿಮದ ಒಣ ಸೀಮೆಯಲ್ಲಿ, ಹೊಳೆ ಹಾಸಿದ ಮಣ್ಣಿದ್ದು, ನೆರೆನೀರಿಂದಲೋ ಕೆಳಗಿಂದ ಏರುವ ತೇವದಿಂದಲೋ ಬೆಳೆ ಬರುವ ಕಣಿವೆ ಇದ್ದರೆ, ಅನುಮತಿಗೆ ಮೊದಲೇ ಅದನ್ನು ಗುರುತಿಸಬೇಕು.

ನಮ್ಮಲ್ಲಿ ಈ ವಿಂಗಡಣೆ ಯಾವತ್ತೋ ಇತ್ತು ಮಾರಾಯ್ರೆ. ಸ್ಟರಾಕ್ ಬರೆದ 1894ರ ದಕ್ಷಿಣ ಕೆನರಾ ಜಿಲ್ಲಾ ಕೈಪಿಡಿಯಲ್ಲೇ ಉಂಟು: ತಗ್ಗಿನಲ್ಲಿ ನೀರು ನಿಲ್ಲುವುದು ಬೈಲು, ಅದರ ಮೇಲಿನದ್ದು ಮಜಲು, ಮಳೆಯನ್ನೇ ನಂಬಿದ್ದು ಬೆಟ್ಟು. ಏಣೆಲು, ಸುಗ್ಗಿ, ಕೊಳಕೆ ಮೂರೂ ಬೆಳೆ ಕೊಡುವ ತಾಕತ್ತು ಬೈಲಿಗೆ ಮಾತ್ರ. ಬ್ರಿಟಿಷರು ಇದನ್ನು ಬರೆದಿಟ್ಟದ್ದು ತೀರ್ವೆಗಾಗಿ, ಮಣ್ಣಿನ ಮೇಲಿನ ಪ್ರೀತಿಯಿಂದಲ್ಲ.

ಆ ಬೈಲಿಗೆ ಕಟ್ಟಪುಣಿ ಕಟ್ಟಿ, ಕೆಸರಲ್ಲಿ ಸೊಂಟ ಮುರಿದವರು ಯಾರು? ಆ ಕಾಲದ ದಾಖಲೆಗಳಲ್ಲಿ "ಮೂಲದ ಹೊಲೆಯ" ಅನ್ನುವ ಪದ ಸಿಗ್ತದೆ. ಮೂಲ ಅಂದರೆ ಭೂಮಿ, ಆಸ್ತಿ. ಭೂಮಿ ಕೈ ಬದಲಾದರೆ ಆಳೂ ಅದರ ಜೊತೆಗೇ ಹೋಗಬೇಕು! 1843ರ ಕಾಯ್ದೆ ಗುಲಾಮಗಿರಿಗೆ ಕಾನೂನಿನ ಬೆಂಬಲ ತೆಗೆಯಿತು, ಸರಿ. ಭೂಮಿ ಕೊಟ್ಟಿತಾ? 1974ರ ಭೂಸುಧಾರಣೆಯೂ ಗೇಣಿದಾರನ ಕೈ ಹಿಡಿಯಿತೇ ಹೊರತು ಗೇಣಿಯೇ ಇಲ್ಲದ ಕೂಲಿಯವನನ್ನಲ್ಲ. ಹಾಗಾಗಿ ಬೈಲನ್ನು ಬೈಲು ಮಾಡಿದವರ ಹೆಸರು ಆರ್‌ಟಿಸಿಯಲ್ಲಿ ಇಲ್ಲ. ಗುಮಾಸ್ತನಾದ ನನಗೆ ಕಾಗದದ ಬೆಲೆ ಗೊತ್ತುಂಟು. ಕಾಗದದಲ್ಲಿ ಇಲ್ಲದವನಿಗೆ ನಷ್ಟವೂ ಆಗುವುದಿಲ್ಲ!

ಬೈಲು ಅಗೆಯೋದೂ ಹೊಸತಲ್ಲ. 1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ಮಂಗಳೂರು ಹೆಂಚಿಗೆ ಜೇಡಿ ಬಂದದ್ದು ನೇತ್ರಾವತಿ, ಗುರುಪುರ ಹೊಳೆಗಳ ದಡದಿಂದ.

ಈಗ ಮರಳಿನ ಕಾಲ. 2016ರ ಕೇಂದ್ರ ಅಧಿಸೂಚನೆ ಪ್ರಕಾರ ಮರಳುಗಾರಿಕೆಗೆ ಮೊದಲು ಜಿಲ್ಲಾ ಸಮೀಕ್ಷಾ ವರದಿ ಆಗಬೇಕು. ಅದರ ಕರಡು 21 ದಿನ ಜಿಲ್ಲೆಯ ವೆಬ್‌ಸೈಟಿನಲ್ಲಿ ಇರಬೇಕು. ಆ 21 ದಿನ ನಮ್ಮದು. ಆಕ್ಷೇಪಣೆ ಬರೆಯುವಾಗ ಹೊಳೆಯ ಮರಳಿನ ಲೆಕ್ಕಕ್ಕಷ್ಟೇ ನಿಲ್ಲಬೇಡಿ. ಪಕ್ಕದ ಬೈಲು ಎಲ್ಲಿವರೆಗೆ ಉಂಟು, ಬಾವಿ ನೀರು ಯಾವ ತಿಂಗಳು ಉಪ್ಪಾಗ್ತದೆ, ಆ ಗದ್ದೆಗಳಲ್ಲಿ ಕೂಲಿ ಮಾಡುವವರು ಯಾವ ಕಾಲನಿಯವರು, ಎಷ್ಟು ಮನೆ, ಎಲ್ಲ ನಕ್ಷೆ ಸಮೇತ ಬರೆದು ಕೊಡಿ. ಸ್ವೀಕೃತಿಗೆ ಸೀಲು ಹಾಕಿಸಿಕೊಳ್ಳದೆ ಬರಬೇಡಿ.