ವೈಶಾಖದ ಬಿಸಿಲು ಮತ್ತು ದ್ರಾಕ್ಷಿಬಳ್ಳಿ

ನಮ್ಮ ನಾಗಣಸೂರಿನ ಸುತ್ತಲಿನ ನೆಲವು ಹಿಂದಿನಿಂದಲೂ ಹಿಂಗಾರಿ ಜೋಳದ ನೆಲ. ರಾಶಿ ಮುಗಿದ ಮೇಲೆ ಮಿರಗದ ಮಳೆ ಬೀಳುವವರೆಗೆ ಒಣಬೇಸಾಯದ ಕೂಲಿಕಾರರ ಕೈಗೆ ಕೆಲಸವಿರುವುದಿಲ್ಲ. ಸೊಲ್ಲಾಪುರ ಜಿಲ್ಲೆಯ ದ್ರಾಕ್ಷಿ ತೋಟಗಳಿಗಾದರೋ ಅದೇ ಚೈತ್ರ-ವೈಶಾಖಗಳಲ್ಲಿ ಕೈಗಳು ಬೇಕು. ಈ ಎರಡು ಕೊರತೆಗಳು ಒಂದನ್ನೊಂದು ತುಂಬಿಕೊಂಡ ಬಗೆಯನ್ನು ನೆನೆಯದೆ ನಮ್ಮ ಭಾಗದ ದ್ರಾಕ್ಷಿಯ ಇತಿಹಾಸವು ಪೂರ್ಣವಾಗದು.

ದಖ್ಖನಿಗೆ ದ್ರಾಕ್ಷಿ ಹೊಸದಲ್ಲ. 14ನೆಯ ಶತಮಾನದಲ್ಲಿ ದೌಲತಾಬಾದನ್ನು ಕಂಡ ಪ್ರವಾಸಿ ಇಬ್ನ್ ಬತೂತಾ, ಅಲ್ಲಿ ದ್ರಾಕ್ಷಿ ಮತ್ತು ದಾಳಿಂಬೆಗಳು ವರ್ಷಕ್ಕೆ ಎರಡು ಸಲ ಫಲ ಕೊಡುವುದನ್ನು ಬರೆದಿಟ್ಟಿದ್ದಾನೆ. ಇದಕ್ಕೆ ಕಾರಣವು ನಮ್ಮ ಹವೆ. ಶೀತ ದೇಶಗಳಲ್ಲಿ ಬಳ್ಳಿಯು ಎಲೆ ಉದುರಿಸಿ ಚಳಿಗಾಲವಿಡೀ ಮಲಗುತ್ತದೆ. ವರ್ಷಕ್ಕೊಮ್ಮೆ ಸವರಿದರೆ ಸಾಕು. ನಮ್ಮಲ್ಲಿ ಅದಕ್ಕೆ ನಿದ್ರೆಯಿಲ್ಲ. ಆದರೆ ಬೇಸಿಗೆಯ ಚಿಗುರಿನಲ್ಲಿ ಕಾಯಿ ಬಿಟ್ಟರೆ ಅದು ಮಳೆಗೆ ಸಿಕ್ಕಿ ಕೊಳೆಯುತ್ತದೆ. ಆದುದರಿಂದ ನಮ್ಮ ರೈತರು ಎರಡು ಬಾರಿ ಸವರಿ ಒಂದೇ ಬೆಳೆ ತೆಗೆಯುವ ಪದ್ಧತಿಯನ್ನು ರೂಢಿಸಿಕೊಂಡರು. ಅಕ್ಟೋಬರದ ಚಾಟ್ನಿ ಹಣ್ಣಿಗಾಗಿ, ಏಪ್ರಿಲ್ ಚಾಟ್ನಿ ಕಡ್ಡಿಗಾಗಿ. ಮರಾಠಿಯಲ್ಲಿ ಈ ಎರಡನೆಯದಕ್ಕೆ ‘ಖರಡ ಛಾಟಣಿ’ ಎನ್ನುವರು.

ಏಪ್ರಿಲ್‌ನಲ್ಲಿ ಹಣ್ಣು ಕೊಟ್ಟು ಮುಗಿಸಿದ ಕಡ್ಡಿಗಳನ್ನು ಒಂದೆರಡು ಕಣ್ಣುಳಿಸಿ ಕತ್ತರಿಸುತ್ತಾರೆ. ಚಪ್ಪರವು ಬೋಳಾಗುತ್ತದೆ. ಕೆಲವೇ ದಿನಗಳಲ್ಲಿ ಕಣ್ಣೊಡೆದು ಒತ್ತೊತ್ತಾಗಿ ಚಿಗುರು ಹೊರಡುತ್ತದೆ. ಆಗ ಹೆಚ್ಚಿನ ಚಿಗುರುಗಳನ್ನು ತೆಗೆಯಬೇಕು, ಉಳಿದವುಗಳನ್ನು ತಂತಿಗೆ ಹರಡಿ ಕಟ್ಟಬೇಕು, ಏಳೆಂಟು ಎಲೆಗಳಾದಾಗ ತುದಿ ಚಿವುಟಿ ಮಗ್ಗುಲ ಕಡ್ಡಿ ಬರಿಸಬೇಕು. ಚಾಟ್ನಿಯಾದ ಸುಮಾರು 40ರಿಂದ 60 ದಿನಗಳ ಅವಧಿಯಲ್ಲಿ, ಬರಿಗಣ್ಣಿಗೆ ಕಾಣದಂತೆ, ಕಡ್ಡಿಯ ಕಣ್ಣಿನೊಳಗೆ ಮುಂದಿನ ಗೊಂಚಲಿನ ಮೊಳಕೆ ರೂಪುಗೊಳ್ಳುತ್ತದೆ. ಆಗ ಎಲೆಗಳು ಒಂದರ ಮೇಲೊಂದು ಬಿದ್ದು ನೆರಳಾದರೆ, ನೀರು ಅಥವಾ ಸಾರಜನಕ ಅತಿಯಾದರೆ ಕಣ್ಣು ಬರಡಾಗುತ್ತದೆ. ಅಕ್ಟೋಬರದಲ್ಲಿ ಎಷ್ಟು ಆರೈಕೆ ಮಾಡಿದರೂ ಅಲ್ಲಿಂದ ಬರಿಯ ಬಳ್ಳಿಯೇ ಹೊರಡುವುದು. ಫೆಬ್ರುವರಿಯ ಪೇಟೆಗೆ ಬರುವ ಗೊಂಚಲಿನ ಹಣೆಬರಹವನ್ನು ಹಿಂದಿನ ಬೇಸಿಗೆಯ ಬಿಸಿಲು ಬರೆದಿರುತ್ತದೆ.

ಈ ಬೆಳೆಯ ಹೊಸ ಯುಗದ ಕೆಲವು ಮೈಲಿಗಲ್ಲುಗಳು ಎಲ್ಲರಿಗೂ ತಿಳಿದವು. 1960ರಲ್ಲಿ ಪುಣೆಯಲ್ಲಿ ಮಹಾರಾಷ್ಟ್ರದ ದ್ರಾಕ್ಷಿ ಬೆಳೆಗಾರರ ಸಂಘ ಹುಟ್ಟಿತು. ಬೀಜವಿಲ್ಲದ ಥಾಮ್ಸನ್ ತಳಿ ಹರಡಿತು. ನಮ್ಮ ಜಿಲ್ಲೆಯ ನಾನ್ನಜದ ರೈತ ನಾನಾಸಾಹೇಬ ಕಾಳೆಯವರು ಅದರಿಂದಲೇ ಉದ್ದ ಕಾಯಿಯ ‘ಸೋನಾಕಾ’ವನ್ನು ಆರಿಸಿ ಬೆಳೆಸಿದರು. ಕ್ಷಾರದ ನೆಲ ಮತ್ತು ನೀರಿನ ಅಭಾವವನ್ನು ತಾಳಲು ‘ಡಾಗ್‌ರಿಜ್’ ಬೇರಿನ ಮೇಲೆ ಕಸಿ ಕಟ್ಟುವುದು ರೂಢಿಗೆ ಬಂತು. ಹನಿ ನೀರಾವರಿ ಬಂತು. 1997ರಲ್ಲಿ ಪುಣೆಯಲ್ಲಿ ರಾಷ್ಟ್ರೀಯ ದ್ರಾಕ್ಷಿ ಸಂಶೋಧನ ಕೇಂದ್ರ ಸ್ಥಾಪನೆಯಾಯಿತು. ಗಡಿಯಾಚೆ ವಿಜಯಪುರದ ತಿಕೋಟಾ ಭಾಗವೂ ದ್ರಾಕ್ಷಿಯ ನಾಡಾಯಿತು.

ಆದರೆ ಬೇಸಿಗೆಯಲ್ಲಿ ಚಿಗುರು ಚಿವುಟಿದವರು ಯಾರು? 1972ರ ಬರಗಾಲವನ್ನು ನಾವು ಕಣ್ಣಾರೆ ಕಂಡವರು. ಆಗ ಇದೇ ಬಿಸಿಲಿನಲ್ಲಿ ನಮ್ಮ ತಾಯಂದಿರು ಸರಕಾರದ ಕಾಮಗಾರಿಯಲ್ಲಿ ಖಡಿ ಒಡೆದರು, ಸುಕಡಿ ತಿಂದು ಮಕ್ಕಳನ್ನು ಸಾಕಿದರು. ತೋಟಗಳು ಹೆಚ್ಚಿದಂತೆ ಒಣಭೂಮಿಯ ಅನೇಕ ಹೆಣ್ಣುಮಕ್ಕಳಿಗೆ ಬೇಸಿಗೆಯ ಕೂಲಿಯು ಚಪ್ಪರದ ಕೆಳಗೆ ದೊರೆಯಿತು. ದಿನವಿಡೀ ಕತ್ತು ಮೇಲೆತ್ತಿ, ತೋಳು ಚಾಚಿ ಮಾಡುವ ಕೆಲಸವದು. ಎಲೆಯಿನ್ನೂ ಹರಡದ ಚಪ್ಪರವು ನೆರಳನ್ನೂ ಕೊಡದು. ಯಾವ ಚಿಗುರು ಇರಬೇಕು, ಯಾವುದು ಹೋಗಬೇಕು ಎಂಬುದನ್ನು ಅವರ ಬೆರಳು ಕ್ಷಣಮಾತ್ರದಲ್ಲಿ ನಿರ್ಣಯಿಸುತ್ತದೆ. ಶಾಲೆಯ ಮೆಟ್ಟಿಲು ಹತ್ತದವರಲ್ಲಿಯೂ ಈ ವಿದ್ಯೆಯುಂಟು.

ತಳಿಗೆ ಹೆಸರಿದೆ, ಸಂಘಕ್ಕೆ ಇಸವಿಯಿದೆ, ಪೇಟೆಗೆ ಧಾರಣೆಯ ಪಟ್ಟಿಯಿದೆ. ಈ ಬೆರಳುಗಳಿಗೆ ಮಾತ್ರ ದಾಖಲೆಯಿಲ್ಲ. ಕನ್ನಡ ಮರಾಠಿಗಳೆರಡೂ ಕಲೆತ ಅವರ ಕಸಬಿನ ಮಾತು ಯಾವ ಪುಸ್ತಕಕ್ಕೂ ಏರದೆ ಅವರೊಡನೆಯೇ ಹೋಗಬಾರದು. ಸಂಘದ ತರುಣರು ಒಂದು ಬೇಸಿಗೆಯ ರಜೆಯಲ್ಲಿ ತಮ್ಮ ಊರಿನ ಅಂಥ ಹಿರಿಯ ತಾಯಂದಿರ ಬಳಿ ಕುಳಿತು, ಅವರು ಹೇಳಿದುದನ್ನು ಅವರ ನುಡಿಯಲ್ಲಿಯೇ ಬರೆದುಕೊಳ್ಳಲಿ. ಮುಂದಿನ ಸಂಚಿಕೆಯಲ್ಲಿ ನಮ್ಮ ಲೇಖನದ ಬದಲು ಅದನ್ನು ಓದುವ ಆಸೆ ನಮ್ಮದು.