ಬಾಲಾಸಿನೋರ್ ಪರಿಸರದ ಲಮೇಟ ಶಿಲೆಗಳು: ಗೂಡು, ಮೂಳೆ ಮತ್ತು ಉತ್ಖನನದ ನಕ್ಷೆ

ಅಹಮದಾಬಾದಿನಿಂದ ಪೂರ್ವಕ್ಕೆ ನೂರು ಕಿಲೋಮೀಟರಿನೊಳಗೆ, ವಡೋದರದಿಂದ ಉತ್ತರಕ್ಕೆ ಹೆಚ್ಚುಕಡಮೆ ಅಷ್ಟೇ ದೂರದಲ್ಲಿರುವ ಬಾಲಾಸಿನೋರ್ ಪಟ್ಟಣದ ಸುತ್ತ, ರೈಯೋಲಿ, ಖೇಂಪುರ, ಢೋಲಿ ಡುಂಗ್ರಿ ಮೊದಲಾದ ಹಳ್ಳಿಗಳ ಹೊಲದ ಅಂಚುಗಳಲ್ಲಿಯೂ ಕುರುಚಲು ಗುಡ್ಡಗಳಲ್ಲಿಯೂ ಹೊರಗೆ ಕಾಣಿಸಿಕೊಂಡಿರುವ ಸುಣ್ಣಯುಕ್ತ ಶಿಲೆಗಳು ಭಾರತದ ಡೈನೋಸಾರ್ ಅಧ್ಯಯನಕ್ಕೆ ಕಳೆದ ನಾಲ್ಕು ದಶಕಗಳಲ್ಲಿ ಮೂಳೆ, ಮೊಟ್ಟೆ, ಗೂಡು ಈ ಮೂರನ್ನೂ ಒಂದೇ ಪ್ರದೇಶದಿಂದ ಒದಗಿಸಿವೆ. 2013ರಲ್ಲಿ ಮಹಿಸಾಗರ ಜಿಲ್ಲೆ ರಚನೆಯಾಗುವವರೆಗೆ ಬಾಲಾಸಿನೋರ್ ಖೇಡಾ ಜಿಲ್ಲೆಗೆ ಸೇರಿದ್ದುದರಿಂದ ಹಳೆಯ ವರದಿಗಳಲ್ಲಿ ಈ ನೆಲೆಗಳಲ್ಲಿ ಹಲವು ಖೇಡಾ ಜಿಲ್ಲೆಯವೆಂದೇ ದಾಖಲಾಗಿವೆ. ಇಲ್ಲಿಂದ ಹೊರಬಿದ್ದ ಹೊಸ ಪ್ರಾಣಿಗಳ ಹೆಸರುಗಳ ಬಗೆಗೆ ಸಾಕಷ್ಟು ಬರೆಯಲಾಗಿದೆ. ಆದರೆ ಆ ಹೆಸರುಗಳಲ್ಲಿ ಮುಖ್ಯವಾದವು ನೆಲ ಅಗೆದ ವರ್ಷದಲ್ಲಿ ಹುಟ್ಟಿದವಲ್ಲ, ಅಗೆದು ತಂದು ಇರಿಸಿದ್ದನ್ನು ಹತ್ತಿಪ್ಪತ್ತು ವರ್ಷಗಳ ಮೇಲೆ ಮತ್ತೊಮ್ಮೆ ನೋಡಿದಾಗ ಹುಟ್ಟಿದವು ಎಂಬುದರ ಕಡೆಗೆ ಗಮನ ಹೋದದ್ದು ಕಡಿಮೆ.

ಒಂದು ಕಾಲಘಟ್ಟದಲ್ಲಿ, ಪರಸ್ಪರ ಸಂಬಂಧವುಳ್ಳ ಪರಿಸರಗಳಲ್ಲಿ ರೂಪುಗೊಂಡು, ನಕ್ಷೆಯಲ್ಲಿ ಪ್ರತ್ಯೇಕವಾಗಿ ಗುರುತಿಸಬಹುದಾದಷ್ಟು ವಿಸ್ತಾರವಿರುವ ಪದರಗಳ ಗುಂಪನ್ನು ಭೂವಿಜ್ಞಾನದಲ್ಲಿ ಶಿಲಾಸಮೂಹ ಎನ್ನುತ್ತಾರೆ. ಲಮೇಟ ಶಿಲಾಸಮೂಹಕ್ಕೆ ಈ ಹೆಸರು ಬಂದದ್ದು ಜಬಲ್ಪುರದ ಬಳಿ ನರ್ಮದಾ ದಡದಲ್ಲಿರುವ ಲಮೇಟಾ ಘಾಟಿನಿಂದ. 1828ರಲ್ಲಿ ಅದೇ ಜಬಲ್ಪುರದಲ್ಲಿ ಡಬ್ಲ್ಯು. ಎಚ್. ಸ್ಲೀಮನ್ ಸಂಗ್ರಹಿಸಿದ ಮೂಳೆಗಳು ಭಾರತದಲ್ಲಿ ದೊರೆತ ಮೊದಲ ಡೈನೋಸಾರ್ ಅವಶೇಷಗಳು. ಮಧ್ಯಪ್ರದೇಶ, ಮಹಾರಾಷ್ಟ್ರ, ಗುಜರಾತುಗಳಲ್ಲಿ ತುಂಡುತುಂಡಾಗಿ ಹರಡಿರುವ ಈ ಪದರಗಳು ಕ್ರಿಟೇಷಿಯಸ್ ಕಲ್ಪದ ಕೊನೆಯ ಘಟ್ಟವಾದ ಮಾಸ್ಟ್ರಿಕ್ಟಿಯನ್‌ಗೆ, ಅಂದರೆ ಈಗ್ಗೆ 7.2 ಕೋಟಿಯಿಂದ 6.6 ಕೋಟಿ ವರ್ಷಗಳ ಹಿಂದಿನ ಅವಧಿಗೆ ಸೇರಿದವು. ಬಹುತೇಕ ಕಡೆ ಇವುಗಳ ಮೇಲೆ ದಖನ್ ಟ್ರ್ಯಾಪ್ ಎಂಬ ಲಾವಾ ಶಿಲೆ ಕವಿದುಕೊಂಡಿರುವುದರಿಂದ ಲಾವಾದ ಅಡಿಯ ಪದರಗಳು ಎಂಬ ಅರ್ಥದಲ್ಲಿ ಇವನ್ನು ಇನ್‌ಫ್ರಾಟ್ರ್ಯಾಪಿಯನ್ ಎಂದೂ, ಎರಡು ಲಾವಾ ಹರಿವುಗಳ ನಡುವೆ ಸಿಕ್ಕಿಕೊಂಡ ಕೆಸರು ಮರಳಿನ ಪದರಗಳನ್ನು ಇಂಟರ್‌ಟ್ರ್ಯಾಪಿಯನ್ ಎಂದೂ ಕರೆಯುವ ರೂಢಿಯಿದೆ. ವಿಜಯಪುರ, ಕಲಬುರಗಿ ಕಡೆಯ ಎರೆಭೂಮಿ ಇದೇ ಲಾವಾ ಶಿಲೆ ಶಿಥಿಲವಾಗಿ ಆದದ್ದು; ಗುರುಮಠಕಲ್ ಪರಿಸರದ ಇಂಟರ್‌ಟ್ರ್ಯಾಪಿಯನ್ ಪದರಗಳಿಂದ ಸಿಹಿನೀರಿನ ಆಸ್ಟ್ರಕೋಡ್‌ಗಳು, ಅಂದರೆ ಎರಡು ಚಿಪ್ಪುಗಳೊಳಗೆ ಬದುಕುವ ಸೂಕ್ಷ್ಮ ಜಲಚರಗಳು, ವರದಿಯಾಗಿವೆ.

ಬಾಲಾಸಿನೋರ್ ಪರಿಸರದಲ್ಲಿ ಲಮೇಟ ಪದರಗಳು ಅವುಗಳಿಗಿಂತ ಬಹಳ ಹಳೆಯದಾದ ಗ್ರಾನೈಟ್ ಮತ್ತು ಬೆಣಚುಶಿಲೆಗಳ ಸವೆದ ಮೈಮೇಲೆ ನೇರವಾಗಿ ಕುಳಿತಿವೆ. ಬುಡದಲ್ಲಿ ಹೊಳೆ ತಂದು ಸುರಿದ ಉರುಟುಗಲ್ಲುಗಳ ಮತ್ತು ಒರಟು ಮರಳಿನ ಪದರಗಳಿದ್ದು, ಅವುಗಳೊಂದಿಗೆ ಮೇಲುಮೇಲಕ್ಕೆ ಸುಣ್ಣದ ಅಂಶ ಹೆಚ್ಚಿರುವ ಮರಳುಗಲ್ಲೂ ಕ್ಯಾಲ್ಕ್ರೀಟೂ ಕಾಣಿಸುತ್ತವೆ. ಮಳೆ ಮತ್ತು ಒಣಹವೆ ಒಂದಾದ ಮೇಲೊಂದರಂತೆ ಬರುವ ಸೀಮೆಗಳಲ್ಲಿ ನೀರಿನೊಡನೆ ಮಣ್ಣಿಗಿಳಿದ ಸುಣ್ಣ, ಬೇಸಗೆಯಲ್ಲಿ ನೀರು ಆವಿಯಾದಾಗ ಹರಳುಹರಳಾಗಿ ಉಳಿದು, ಕಾಲಕ್ರಮದಲ್ಲಿ ಮಣ್ಣನ್ನೇ ಗಟ್ಟಿಕಲ್ಲಾಗಿ ಬೆಸೆದರೆ ಅದು ಕ್ಯಾಲ್ಕ್ರೀಟ್. ಆದ್ದರಿಂದ ಹೊರನೋಟಕ್ಕೆ ಸುಣ್ಣಕಲ್ಲಿನಂತೆ ಕಾಣುವ ಇಲ್ಲಿನ ಶಿಲೆಯ ಒಂದು ಭಾಗ ಯಾವ ಕಡಲ ತಳದ್ದೂ ಅಲ್ಲ. ಹೊಳೆಯ ಬದಿಯ, ಋತುಮಾನಕ್ಕೆ ತಕ್ಕಂತೆ ಒಣಗುತ್ತಿದ್ದ ನೆಲದ ಹಳೆಯ ಮಣ್ಣು ಅದು. ಮೊಟ್ಟೆಗಳು ಈ ಮಣ್ಣಿನಲ್ಲಿಯೇ ಉಳಿದುಕೊಂಡಿರುವುದು ಆಕಸ್ಮಿಕವಲ್ಲ. ಹೂತಿಟ್ಟ ಮೊಟ್ಟೆಯ ಸುತ್ತ ಸುಣ್ಣ ಬೇಗನೆ ಹೆಪ್ಪುಗಟ್ಟಿದಲ್ಲಿ ಚಿಪ್ಪು ಕರಗದೆ ಉಳಿದಿದೆ. ಅದೇ ಸುಣ್ಣ ಸಿಮೆಂಟಿಗೆ ಕಚ್ಚಾವಸ್ತುವಾದ್ದರಿಂದ ಪದರಗಳು ಗಣಿಗಾರಿಕೆಯ ಕಣ್ಣಿಗೂ ಬಿದ್ದವು, ಬಾಲಾಸಿನೋರಿನ ಸುಣ್ಣಕಲ್ಲು ಗಣಿಯೇ ಮೊಟ್ಟೆಗಳ ಆರಂಭದ ನೆಲೆಗಳಲ್ಲಿ ಒಂದಾಯಿತು.

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯದ ಧನಂಜಯ ಮೊಹಬೆ ಖೇಡಾ ಜಿಲ್ಲೆಯ ಮೊಟ್ಟೆಗಳ ಬಗೆಗಿನ ಮೊದಲ ಟಿಪ್ಪಣಿಯನ್ನು 1983ರಲ್ಲಿ, ಬೆಂಗಳೂರಿನಿಂದ ಹೊರಡುವ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಸುಲಿದ ತೆಂಗಿನಕಾಯಿಗಿಂತ ತುಸು ದೊಡ್ಡದಾದ, ಹೆಚ್ಚಿನವು 12ರಿಂದ 20 ಸೆಂಟಿಮೀಟರ್ ವ್ಯಾಸದ ಈ ದುಂಡು ಮೊಟ್ಟೆಗಳು ಕಲ್ಲಿನ ಸವೆದ ಮೈಮೇಲೆ ಸಾಮಾನ್ಯವಾಗಿ ಪೂರ್ಣ ಗೋಳಗಳಾಗಿ ಕಾಣುವುದಿಲ್ಲ. ಕಾಣುವುದು ಅಡ್ಡ ಸೀಳಿದ ಬಳೆಯಾಕಾರದ ಗೆರೆ. ಕೆಲವು ಮಿಲಿಮೀಟರ್ ದಪ್ಪದ ಆ ಗೆರೆಯೇ ಚಿಪ್ಪು, ಒಳಗೆ ತುಂಬಿರುವುದು ಹೊರಗಿನದೇ ಮರಳು. ಚಿಪ್ಪಿನ ತೆಳುವಾದ ಪದರವೊಂದನ್ನು ಉಜ್ಜಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಬೀಸಣಿಗೆಯಾಕಾರದ ಹರಳುಕಂಬಗಳು ಒತ್ತೊತ್ತಾಗಿ ನಿಂತಿರುವುದು, ಪ್ರತಿ ಕಂಬದ ನೆತ್ತಿ ಹೊರಮೈಯಲ್ಲಿ ಗುಳ್ಳೆಯಂತೆ ಉಬ್ಬಿರುವುದು, ಕಂಬಗಳ ನಡುವೆ ಉಸಿರಾಟದ ರಂಧ್ರಗಳು ಹಾದುಹೋಗಿರುವುದು ಗೊತ್ತಾಗುತ್ತದೆ. ಈ ರಚನೆಯ ಮೊಟ್ಟೆಗಳಿಗೆ ಮೆಗಲೂಲಿಥಸ್ ಎಂಬ ಕುಲನಾಮವಿದ್ದು, ಅದರೊಳಗೆ ರಾಹಿಯೋಲಿಯೆನ್ಸಿಸ್, ಬಾಲಾಸಿನೋರೆನ್ಸಿಸ್, ಖೇಂಪುರೆನ್ಸಿಸ್ ಎಂದು ಊರುಗಳ ಹೆಸರು ಹೊತ್ತ ಪ್ರಭೇದಗಳನ್ನು ಅಶು ಖೋಸ್ಲಾ, ಅಶೋಕ್ ಸಾಹ್ನಿ, ಮೊಹಬೆ ಮೊದಲಾದವರು 1990ರ ದಶಕದಲ್ಲಿ ಗುರುತಿಸಿದರು. ಇವು ಮೊಟ್ಟೆಯ ಹೆಸರುಗಳೇ ಹೊರತು ಪ್ರಾಣಿಯ ಹೆಸರುಗಳಲ್ಲ. ಒಂದೇ ಪ್ರಾಣಿಯ ಚಿಪ್ಪು ದಪ್ಪ ತೆಳುವಾಗಿ ವ್ಯತ್ಯಾಸಗೊಳ್ಳಬಹುದಾದ್ದರಿಂದ, ಮೊಟ್ಟೆಯ ಪ್ರಭೇದಗಳೆಷ್ಟಿವೆಯೋ ಡೈನೋಸಾರ್ ಜಾತಿಗಳೂ ಅಷ್ಟಿದ್ದವೆಂದು ಎಣಿಸುವುದು ಅವಸರದ ತೀರ್ಮಾನವಾದೀತು.

ಇವು ಟೈಟನೋಸಾರ್ ಎಂಬ ಉದ್ದಕತ್ತಿನ, ನಾಲ್ಕು ಕಾಲಿನ ಸಸ್ಯಾಹಾರಿಗಳ ಮೊಟ್ಟೆಗಳೆಂಬ ಅಭಿಪ್ರಾಯಕ್ಕೆ ಬಲವಾದ ಆಧಾರ ದೊರೆತದ್ದು ಗುಜರಾತಿನಲ್ಲಿ ಅಲ್ಲ, ಅರ್ಜೆಂಟೀನಾದ ಔಕಾ ಮಾಹುಯೆವೊದಲ್ಲಿ. ಅಲ್ಲಿ ಇಂಥದೇ ಚಿಪ್ಪಿನೊಳಗೆ ಟೈಟನೋಸಾರ್ ಭ್ರೂಣಗಳು ಉಳಿದಿರುವುದು 1998ರಲ್ಲಿ ವರದಿಯಾಯಿತು. ಗೂಡುಕಟ್ಟುವ ವರ್ತನೆಯ ವಿಷಯದಲ್ಲಿ ಮಾತ್ರ ನರ್ಮದಾ ಕಣಿವೆಯ ಸಾಕ್ಷ್ಯ ಶ್ರೀಮಂತವಾದದ್ದು. ಗುಜರಾತಿಗೆ ತಾಗಿದ ಮಧ್ಯಪ್ರದೇಶದ ಧಾರ್ ಜಿಲ್ಲೆಯಲ್ಲಿ ದೆಹಲಿ ವಿಶ್ವವಿದ್ಯಾಲಯದ ಸಂಶೋಧಕರ ತಂಡ 92 ಗೂಡುಗಳನ್ನೂ 256 ಮೊಟ್ಟೆಗಳನ್ನೂ ದಾಖಲಿಸಿ 2023ರ ಜನವರಿಯಲ್ಲಿ ಪ್ರಕಟಿಸಿತು. ಗೂಡುಗಳು ಒಂದಕ್ಕೊಂದು ಎಷ್ಟು ಹತ್ತಿರವಿದ್ದವೆಂದರೆ ಬೃಹತ್ ದೇಹದ ತಾಯಿ ಅವುಗಳ ನಡುವೆ ಓಡಾಡಿ ಮರಿಗಳನ್ನು ಸಾಕಿರುವ ಸಂಭವ ಕಡಿಮೆ ಎಂದು ಆ ತಂಡ ತರ್ಕಿಸಿತು. ಮರಳಿನಲ್ಲಿ ಆಳವಿಲ್ಲದ ಗುಂಡಿ ತೋಡಿ, ಮೊಟ್ಟೆಯಿಟ್ಟು, ಮುಚ್ಚಿ ಹೋಗುವ ಪದ್ಧತಿಯೇ ಬಾಲಾಸಿನೋರಿನ ಗೂಡುಗಳಿಗೂ ಹೊಂದುತ್ತದೆ.

ಹಾಗೆ ಬಿಟ್ಟುಹೋದ ಗೂಡಿಗೆ ಏನಾಗುತ್ತಿತ್ತು ಎಂಬುದಕ್ಕೆ ಢೋಲಿ ಡುಂಗ್ರಿಯ ಒಂದು ಕಲ್ಲುತುಂಡು ಉತ್ತರ ಕೊಟ್ಟಿದೆ. 1984ರಲ್ಲಿ ಮೊಹಬೆ ಆಗಿನ ಪಂಚಮಹಲ್ ಜಿಲ್ಲೆಯಿಂದ ಸಂಗ್ರಹಿಸಿದ ಆ ತುಂಡಿನಲ್ಲಿ ಮೊಟ್ಟೆಗಳ ಜೊತೆಗೆ ಎಳೆಯ ಮೂಳೆಗಳಿದ್ದವು. ಅವನ್ನು ಆಗತಾನೆ ಹೊರಬಂದ ಸಾರೋಪಾಡ್‌ನ, ಅಂದರೆ ಟೈಟನೋಸಾರ್‌ಗಳು ಸೇರುವ ಉದ್ದಕತ್ತಿನ ಗುಂಪಿನ ಪ್ರಾಣಿಯ, ಮರಿಯದೆಂದು ಅವರು 1987ರಲ್ಲಿ, ಬೆಂಗಳೂರಿನ ಭಾರತೀಯ ಭೂವೈಜ್ಞಾನಿಕ ಸಂಘದ ಪತ್ರಿಕೆಯಲ್ಲಿ ವಿವರಿಸಿದರು. 2001ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದ ಜೆಫ್ರಿ ವಿಲ್ಸನ್ ಅದೇ ತುಂಡನ್ನು ಪರಿಶೀಲಿಸಿದಾಗ ಕೆಲವು ಬೆನ್ನುಮಣಿಗಳಲ್ಲಿ ಹಾವುಗಳಿಗೆ ವಿಶಿಷ್ಟವಾದ ಹೆಚ್ಚುವರಿ ಕೀಲುಗಳಿರುವುದು ಗಮನಕ್ಕೆ ಬಂತು. ಕಲ್ಲನ್ನು ಸೂಕ್ಷ್ಮವಾಗಿ ಬಿಡಿಸಿದ ಬಳಿಕ ಕಂಡ ಚಿತ್ರ ಹೀಗಿತ್ತು: ಒಂದು ಒಡೆದ ಮೊಟ್ಟೆ, ಅದನ್ನು ಬಳಸಿ ಸುತ್ತಿಕೊಂಡ ಹಾವಿನ ಮೈ, ಸುತ್ತಿನ ಮೇಲೆ ಒರಗಿದ ತಲೆ, ಪಕ್ಕದಲ್ಲಿ ಸುಮಾರು ಅರ್ಧ ಮೀಟರ್ ಉದ್ದವಿದ್ದಿರಬಹುದಾದ ಮರಿಯ ಮೈಯ ಮುಂಭಾಗ, ಹತ್ತಿರದಲ್ಲಿಯೇ ಒಡೆಯದ ಇನ್ನೆರಡು ಮೊಟ್ಟೆಗಳು. 2010ರಲ್ಲಿ ಸನಾಜೆ ಇಂಡಿಕಸ್ ಎಂದು ಹೆಸರಿಸಲಾದ ಈ ಹಾವಿನ ಉದ್ದ ಸುಮಾರು 3.5 ಮೀಟರ್. ಇಂದಿನ ಹೆಬ್ಬಾವಿನಂತೆ ಬಾಯನ್ನು ಅಗಾಧವಾಗಿ ತೆರೆಯುವ ದವಡೆ ಇದಕ್ಕಿರಲಿಲ್ಲವಾದ್ದರಿಂದ ಇಡೀ ಮೊಟ್ಟೆಯನ್ನು ನುಂಗುವುದು ಇದರಿಂದ ಆಗದ ಕೆಲಸ. ಚಿಪ್ಪಿನಿಂದ ಹೊರಬಂದ ಮರಿ ಮಾತ್ರ ಅದರ ಬಾಯಿಗೆ ಹಿಡಿಸುವ ಗಾತ್ರದ್ದು. ಬಿರುಮಳೆಗೆ ಜರಿದ ಮರಳುಗೆಸರು ಎಲ್ಲವನ್ನೂ ಒಮ್ಮೆಲೇ ಮುಚ್ಚಿರಬೇಕೆಂಬುದು ಸಂಶೋಧಕರ ವಿವರಣೆ. ಇದೇ ನೆಲೆಯ ಬೇರೆ ಗೂಡುಗಳಲ್ಲಿಯೂ ಹಾವಿನ ಮೂಳೆಗಳು ದೊರೆತಿರುವುದರಿಂದ ಇದನ್ನು ಒಂದು ದಿನದ ಅಪರೂಪದ ಘಟನೆಯೆಂದು ತಳ್ಳಿಹಾಕುವಂತಿಲ್ಲ.

ರೈಯೋಲಿಯ ಮೂಳೆಗಳ ಕಥೆಯೂ ಇದೇ ದಾರಿಯದು. 1980ರ ದಶಕದ ಮೊದಲ ವರ್ಷಗಳಲ್ಲಿ ಸರ್ವೇಕ್ಷಣಾಲಯದ ಸುರೇಶ್ ಶ್ರೀವಾಸ್ತವ ಇಲ್ಲಿನ ಗುಡ್ಡದಲ್ಲಿ ಮೂಳೆಗಳನ್ನು ಹೊರತೆಗೆಯುವಾಗ ಯಾವ ಮೂಳೆ ಎಲ್ಲಿ, ಯಾವ ದಿಕ್ಕಿಗೆ ಬಿದ್ದಿತ್ತೆಂಬುದನ್ನು ನಕ್ಷೆಯಲ್ಲಿ ಗುರುತಿಸಿಟ್ಟರು. ಹಲವು ಪ್ರಾಣಿಗಳ ಮೂಳೆಗಳು ಹೊಳೆಯ ಸೆಳೆತಕ್ಕೆ ಸಿಕ್ಕಿ ಬೆರೆತುಹೋದ ಇಂಥ ಪದರದಲ್ಲಿ, ತಲೆಬುರುಡೆಯ ಹಿಂಭಾಗ, ಬೆನ್ನುಮಣಿಗಳು, ಸೊಂಟ ಮತ್ತು ಕಾಲುಮೂಳೆಗಳು ಒಂದೇ ಪ್ರಾಣಿಯವೆಂದು ಹೇಳಲು ಆ ನಕ್ಷೆಯಲ್ಲದೆ ಬೇರೆ ದಾರಿಯಿರಲಿಲ್ಲ. ವಿಲ್ಸನ್, ಪಾಲ್ ಸೆರೆನೊ, ಶ್ರೀವಾಸ್ತವ, ದೇವೇಂದ್ರ ಭಟ್, ಖೋಸ್ಲಾ ಮತ್ತು ಸಾಹ್ನಿ ಸೇರಿ 2003ರಲ್ಲಿ ರಾಜಾಸಾರಸ್ ನರ್ಮದೆನ್ಸಿಸ್ ಎಂಬ ಹೆಸರನ್ನು ಪ್ರಕಟಿಸಲು ಸಾಧ್ಯವಾದದ್ದು ಅದರಿಂದ. ನೆತ್ತಿಯ ಮೇಲೆ ಗಿಡ್ಡನೆಯ ಕೊಂಬಿದ್ದ ಈ ಮಾಂಸಾಹಾರಿಯನ್ನು ಜನಪ್ರಿಯ ಬರಹಗಳಲ್ಲಿ ಟಿರಾನೊಸಾರಸ್‌ಗೆ ಹೋಲಿಸುವ ಚಟ ಇನ್ನೂ ಹೋಗಿಲ್ಲ. ವಾಸ್ತವದಲ್ಲಿ ಇದು ಅಬೆಲಿಸಾರಿಡ್ ಎಂಬ ಬೇರೆಯೇ ಕುಟುಂಬದ್ದು, ಇದರ ನೆಂಟರು ಮಡಗಾಸ್ಕರಿನ ಮಜುಂಗಸಾರಸ್ ಮತ್ತು ದಕ್ಷಿಣ ಅಮೆರಿಕದ ಕಾರ್ನೊಟಾರಸ್. ಭಾರತ ಒಂದು ಕಾಲಕ್ಕೆ ಗೋಂಡ್ವಾನ ಎಂಬ ದಕ್ಷಿಣದ ಮಹಾಖಂಡದ ಭಾಗವಾಗಿದ್ದುದಕ್ಕೆ ಈ ನೆಂಟಸ್ತಿಕೆ ಸಾಕ್ಷಿ. ಕೋಲ್ಕತದ ಭಾರತೀಯ ಸಾಂಖ್ಯಿಕ ಸಂಸ್ಥೆಯವರು 1990ರ ದಶಕದಲ್ಲಿ ಇದೇ ಪರಿಸರದಲ್ಲಿ ಅಗೆದ, ಬೇರೆ ಬೇರೆ ವಯಸ್ಸಿನ ಕನಿಷ್ಠ ಏಳು ಪ್ರಾಣಿಗಳ ಮೂಳೆಗಳನ್ನು ಆಧರಿಸಿ 2010ರಲ್ಲಿ ರಾಹಿಯೋಲಿಸಾರಸ್ ಗುಜರಾತೆನ್ಸಿಸ್ ಎಂಬ ಇನ್ನೊಂದು ಅಬೆಲಿಸಾರಿಡನ್ನು ಹೆಸರಿಸಲಾಯಿತು. ರಾಜಾಸಾರಸ್‌ನ ಕಾಲುಮೂಳೆಗಳು ದಪ್ಪನಾದವು, ಇದರವು ಸಪೂರ ಎಂಬುದು ಮುಖ್ಯ ವ್ಯತ್ಯಾಸ. ಜಬಲ್ಪುರದ ಬಿಡಿಮೂಳೆಗಳಿಗೆ 1933ರಲ್ಲಿ ಫ್ರೆಡರಿಕ್ ಫಾನ್ ಹ್ಯೂನೆ ಮತ್ತು ಚಾರ್ಲ್ಸ್ ಮ್ಯಾಟ್ಲಿ ಕೊಟ್ಟ ಇಂಡೋಸೂಕಸ್, ಇಂಡೋಸಾರಸ್ ಮೊದಲಾದ ಹೆಸರುಗಳೊಂದಿಗೆ ಇವೆರಡರ ಸಂಬಂಧವನ್ನು ನಿಷ್ಕರ್ಷಿಸಲು ಹೋಲಿಸಬಹುದಾದ ಮೂಳೆಗಳು ಎರಡೂ ಕಡೆ ಇರಬೇಕು. ಜಬಲ್ಪುರದ ಸಂಗ್ರಹದಲ್ಲಿ ಯಾವ ಮೂಳೆ ಯಾವುದರೊಂದಿಗಿತ್ತೆಂಬುದೇ ಅಸ್ಪಷ್ಟವಾಗಿರುವುದರಿಂದ ಆ ಕೆಲಸ ತೊಡಕಿನದಾಗಿದೆ. ಸ್ಲೀಮನ್ ತಂದಿದ್ದ, 1877ರಲ್ಲಿ ರಿಚರ್ಡ್ ಲೈಡೆಕರ್ ಟೈಟನೋಸಾರಸ್ ಇಂಡಿಕಸ್ ಎಂದು ಹೆಸರಿಸಿದ್ದ ಬಾಲದ ಮಣಿ ಕೂಡ ದೀರ್ಘಕಾಲ ಕಾಣೆಯಾಗಿದ್ದು, 2012ರಲ್ಲಿ ಕೋಲ್ಕತದ ಸರ್ವೇಕ್ಷಣಾಲಯದ ಸಂಗ್ರಹದಲ್ಲಿಯೇ ಮತ್ತೆ ಪತ್ತೆಯಾಯಿತು.

ಈ ಜೀವಸಮುದಾಯದ ಕೊನೆಯ ವಿಷಯಕ್ಕೆ ಬಂದರೆ ಬಾಲಾಸಿನೋರ್ ಮೌನವಾಗಿದೆ, ಉತ್ತರವನ್ನು ಗುಜರಾತಿನ ಬೇರೆ ನೆಲೆಗಳಲ್ಲಿ ಹುಡುಕಬೇಕು. ಕಛ್‌ನ ಅಂಜಾರಿನಲ್ಲಿ ಲಾವಾ ಹರಿವುಗಳ ನಡುವಣ ಪದರದಲ್ಲಿ, ಉಲ್ಕೆಗಳಲ್ಲಿ ಹೇರಳವಾಗಿಯೂ ಭೂಮಿಯ ಮೇಲ್ಪದರದಲ್ಲಿ ಅತ್ಯಲ್ಪವಾಗಿಯೂ ಇರುವ ಇರಿಡಿಯಂ ಲೋಹದ ತೆಳು ಪಟ್ಟಿಗಳನ್ನು ಅಹಮದಾಬಾದಿನ ಭೌತಿಕ ಸಂಶೋಧನಾ ಪ್ರಯೋಗಾಲಯದ ನರೇಂದ್ರ ಭಂಡಾರಿ ಮತ್ತು ಸಹೋದ್ಯೋಗಿಗಳು 1995ರಲ್ಲಿ ವರದಿ ಮಾಡಿದರು. ಡೈನೋಸಾರ್ ಅವಶೇಷಗಳೂ ಅದೇ ನೆಲೆಯಲ್ಲಿವೆ. ಪಟ್ಟಿ ಒಂದಕ್ಕಿಂತ ಹೆಚ್ಚಿರುವುದರಿಂದ ಅವನ್ನು ಡೈನೋಸಾರ್‌ಗಳ ಅಳಿವಿಗೆ ಕಾರಣವೆನ್ನಲಾದ ಮೆಕ್ಸಿಕೋದ ಚಿಕ್ಸುಲುಬ್ ಉಲ್ಕಾಘಾತಕ್ಕೆ ನೇರವಾಗಿ ಜೋಡಿಸುವ ಬಗ್ಗೆ ಭಿನ್ನಾಭಿಪ್ರಾಯ ಉಳಿದಿದೆ. ಸೂರತ್‌ನಿಂದ ಈಶಾನ್ಯಕ್ಕಿರುವ ವಸ್ತಾನ್ ಲಿಗ್ನೈಟ್ ಗಣಿ ಡೈನೋಸಾರ್‌ಗಳು ಅಳಿದು ಕೋಟಿ ವರ್ಷಕ್ಕೂ ಮೇಲ್ಪಟ್ಟ ಬಳಿಕದ ಲೋಕವನ್ನು ತೋರಿಸುತ್ತದೆ. ಅಲ್ಲಿ ಗೊರಸುಳ್ಳ ಕ್ಯಾಂಬೇಥೀರಿಯಂ, ಬಾವಲಿಗಳು, ಆದಿಮ ಪ್ರೈಮೇಟ್‌ಗಳು, ಅಂಬರಿನೊಳಗೆ ಸಿಕ್ಕಿಬಿದ್ದ ಕೀಟಗಳು ದೊರೆತಿವೆ. ಸನಾಜೆ ಸೇರಿದ ಮ್ಯಾಡ್‌ಸೊಯಿಡ್ ಹಾವುಗಳ ಕುಟುಂಬವಂತೂ ಆ ಅಳಿವನ್ನು ದಾಟಿತು: ಕಛ್‌ನ ಪನಾಂಧ್ರೊ ಗಣಿಯಿಂದ 2024ರಲ್ಲಿ ವಿವರಿಸಲಾದ, 11ರಿಂದ 15 ಮೀಟರ್ ಉದ್ದವಿದ್ದಿರಬಹುದಾದ ವಾಸುಕಿ ಇಂಡಿಕಸ್ ಅದೇ ಕುಟುಂಬದ್ದು.

ರೈಯೋಲಿಯಲ್ಲಿ ಈಗ ಬೇಲಿ ಹಾಕಿದ ಪಳೆಯುಳಿಕೆ ಉದ್ಯಾನವಿದೆ. 2019ರ ಜೂನ್‌ನಲ್ಲಿ ವಸ್ತುಸಂಗ್ರಹಾಲಯವೂ ತೆರೆಯಿತು. ಆದರೆ ಗೂಡುಗಳು ಬೇಲಿಯೊಳಗಷ್ಟೇ ಇಲ್ಲ, ಸುತ್ತಲ ಹಳ್ಳಿಗಳ ಹೊಲಗಳಲ್ಲಿಯೂ ಇವೆ. ಗೂಡಿನಿಂದ ಎತ್ತಿ ತಂದ ಒಂಟಿ ಮೊಟ್ಟೆ ಚಿಪ್ಪಿನ ರಚನೆಯನ್ನು ಹೇಳಬಲ್ಲದೇ ವಿನಾ ಪಕ್ಕದ ಗೂಡಿನ ದೂರವನ್ನಾಗಲಿ, ಮೊಟ್ಟೆಗಳನ್ನು ಇಟ್ಟ ಕ್ರಮವನ್ನಾಗಲಿ, ಅದನ್ನು ಸುತ್ತಿದ್ದ ಹಾವನ್ನಾಗಲಿ ಹೇಳಲಾರದು. ಭೂಪರಂಪರೆಯ ತಾಣಗಳನ್ನು ಮತ್ತು ಅವಶೇಷಗಳನ್ನು ಸಂರಕ್ಷಿಸುವ ಮಸೂದೆಯ ಕರಡನ್ನು ಕೇಂದ್ರದ ಗಣಿ ಸಚಿವಾಲಯ 2022ರ ಡಿಸೆಂಬರಿನಲ್ಲಿ ಸಾರ್ವಜನಿಕರ ಮುಂದಿಟ್ಟಿತು. ಅಂಥ ಶಾಸನದ ಅಡಿಯಲ್ಲಿ ಯಾವ ಅವಶೇಷವನ್ನು ಯಾರು ಕೀಳಬಹುದು ಎಂಬುದರಷ್ಟೇ, ಕೀಳುವ ಮೊದಲು ಯಾವ ನಕ್ಷೆ ತಯಾರಾಗಬೇಕು ಮತ್ತು ಅದು ಯಾವ ಸಂಗ್ರಹದಲ್ಲಿ ಮೂಳೆಯ ಜೊತೆಗೇ ಉಳಿಯಬೇಕು ಎಂಬುದನ್ನೂ ನಿಗದಿಪಡಿಸುವುದು ಬಾಲಾಸಿನೋರಿನ ಮಟ್ಟಿಗೆ ಅಗತ್ಯವಾಗಿದೆ.