ನೂರಿಪ್ಪತ್ತು ಗಜ

ಕ್ಯಾಲಿಫೋರ್ನಿಯಾದ ದಕ್ಷಿಣ ಸೀಮೆ ಕಿತ್ತಳೆ ತೋಟಗಳಿಂದಲೂ ಎಣ್ಣೆಬಾವಿಗಳಿಂದಲೂ ಕೊಬ್ಬುತ್ತಿದ್ದ ಕಾಲವದು. ಲಾಸ್ ಏಂಜಲೀಸಿನಿಂದ ಮೆಕ್ಸಿಕೋ ಗಡಿಯ ಸ್ಯಾನ್ ಡಿಯಾಗೋವರೆಗಿನ ನಾಡೆಲ್ಲ ಆಗ ಒಂದೇ ಫೆಡರಲ್ ಜಿಲ್ಲಾ ನ್ಯಾಯಾಲಯದ ವ್ಯಾಪ್ತಿಗೆ ಸೇರಿತ್ತು. ದಕ್ಷಿಣ ಜಿಲ್ಲೆ ಎಂದು ಅದರ ಹೆಸರು. 1924ರಲ್ಲಿ ಅಧ್ಯಕ್ಷ ಕೂಲಿಜ್ ಆ ಪೀಠಕ್ಕೆ ಪಾಲ್ ಜಾನ್ ಮೆಕಾರ್ಮಿಕ್ ಅವರನ್ನು ನೇಮಿಸಿದರು. 1879ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಮೆಕಾರ್ಮಿಕ್, 1910ರಿಂದಲೇ ಲಾಸ್ ಏಂಜಲೀಸ್ ಕೌಂಟಿಯ ಸುಪೀರಿಯರ್ ಕೋರ್ಟಿನಲ್ಲಿ ನ್ಯಾಯಾಧೀಶರಾಗಿ ಪಳಗಿದವರು. ಕ್ರಾಂತಿ ಮಾಡಬಹುದಾದ ಆಸಾಮಿ ಎಂದು ಯಾರೂ ಅವರನ್ನು ಶಂಕಿಸಿರಲಿಕ್ಕಿಲ್ಲ.

ಪೀಠವೇರಿದ ಹೊಸತರಲ್ಲೇ ಅವರ ಮುಂದೆ ಬಂದದ್ದು ದೇಶವನ್ನೇ ಅಲುಗಾಡಿಸಿದ ಎಣ್ಣೆ ಹಗರಣ. ನೌಕಾಪಡೆಗೆಂದು ಕಾಯ್ದಿರಿಸಿದ್ದ ಎಲ್ಕ್ ಹಿಲ್ಸ್ ಎಣ್ಣೆಭೂಮಿಯನ್ನು ಲಾಸ್ ಏಂಜಲೀಸಿನ ಕುಬೇರ ಎಡ್ವರ್ಡ್ ಡೊಹೆನಿ ಗುತ್ತಿಗೆ ಹಿಡಿದಿದ್ದ. ಗುತ್ತಿಗೆಯ ಮಾತುಕತೆಯ ಕಾಲದಲ್ಲೇ ಅವನ ಮಗ ಕಪ್ಪು ಚೀಲವೊಂದರಲ್ಲಿ ಒಂದು ಲಕ್ಷ ಡಾಲರ್ ನಗದನ್ನು ಒಯ್ದು ಸಚಿವ ಆಲ್ಬರ್ಟ್ ಫಾಲ್‌ಗೆ ಮುಟ್ಟಿಸಿದ್ದ. ಹಳೆಯ ಗೆಳೆಯನಿಗೆ ಕೊಟ್ಟ ಕೈಸಾಲ ಎಂಬುದು ಡೊಹೆನಿಯ ವಾದ. ಮೆಕಾರ್ಮಿಕ್ ಆ ವಾದವನ್ನು ಒಪ್ಪಲಿಲ್ಲ. 1925ರ ಮೇ ತಿಂಗಳಲ್ಲಿ ಗುತ್ತಿಗೆಗಳನ್ನು ರದ್ದುಮಾಡಿದರು. 1927ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಮುಂದೆ ಬೇರೆ ನ್ಯಾಯಾಲಯದ ಜ್ಯೂರಿಗಳು ಲಂಚ ಪಡೆದ ಫಾಲ್ ತಪ್ಪಿತಸ್ಥನೆಂದೂ, ಅದೇ ಲಂಚ ಕೊಟ್ಟ ಡೊಹೆನಿ ನಿರ್ದೋಷಿಯೆಂದೂ ತೀರ್ಮಾನಿಸಿದ್ದು ಆ ಕಾಲದ ವಿನೋದಗಳಲ್ಲೊಂದು. ಹೇಳಿದ್ದನ್ನು ಬದಿಗಿಟ್ಟು ಮಾಡಿದ್ದನ್ನು ನೋಡುವ ಮೆಕಾರ್ಮಿಕ್ ಅವರ ಅಭ್ಯಾಸ ಮಾತ್ರ ಅಂದೇ ಕಂಡಿತ್ತು. ಅದು ಪೂರ್ಣವಾಗಿ ಫಲಿಸಲು ಇನ್ನೂ ಎರಡು ದಶಕ ಬೇಕಾಯಿತು.

ಈ ನಡುವೆ ಸ್ಯಾನ್ ಡಿಯಾಗೋ ಪಕ್ಕದ ಲೆಮನ್ ಗ್ರೋವ್‌ನಲ್ಲಿ ಒಂದು ಸಂಗತಿ ನಡೆಯಿತು. 1931ರ ಜನವರಿಯಲ್ಲಿ ರಜೆ ಮುಗಿಸಿ ಬಂದ ಮೆಕ್ಸಿಕನ್ ಮೂಲದ ಮಕ್ಕಳನ್ನು ಮುಖ್ಯೋಪಾಧ್ಯಾಯ ಬಾಗಿಲಲ್ಲೇ ತಡೆದು, ನಿಮ್ಮ ಶಾಲೆ ಅಲ್ಲಿದೆ ಎಂದು ಎರಡು ಕೋಣೆಯ ಕಟ್ಟಡವೊಂದರ ಕಡೆ ಕೈ ತೋರಿದ. ಹೆತ್ತವರು ಅದನ್ನು ಕುದುರೆ ಲಾಯವೆಂದು ಕರೆದು ಮಕ್ಕಳನ್ನು ಮನೆಯಲ್ಲೇ ಉಳಿಸಿಕೊಂಡರು. ರಾಬರ್ಟೊ ಆಲ್ವಾರೆಜ್ ಎಂಬ ಬಾಲಕನ ಹೆಸರಿನಲ್ಲಿ ಮೊಕದ್ದಮೆ ಹೂಡಿ ಸ್ಯಾನ್ ಡಿಯಾಗೋದ ನ್ಯಾಯಾಲಯದಲ್ಲಿ ಗೆದ್ದರು. ಆದರೆ ಅದು ಸ್ಥಳೀಯ ಕೋರ್ಟಿನ ಆದೇಶ, ಮೇಲ್ಮನವಿ ಕಾಣದ ಪ್ರಕರಣ. ಆ ಊರಿನಾಚೆ ಅದು ಯಾವ ಶಾಲೆಯನ್ನೂ ಕಟ್ಟಿಹಾಕಲಿಲ್ಲ.

ಎರಡನೆಯ ಮಹಾಯುದ್ಧ ಬಂತು. ಪಶ್ಚಿಮ ಕರಾವಳಿಯ ಜಪಾನಿ ಮೂಲದವರನ್ನು ಸರ್ಕಾರ ಶಿಬಿರಗಳಿಗೆ ಅಟ್ಟಿತು. ಆರೆಂಜ್ ಕೌಂಟಿಯ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಹಾಗೆ ಶಿಬಿರ ಸೇರಿದ ಮುನೆಮಿತ್ಸು ಕುಟುಂಬದ ತೋಟವೊಂದಿತ್ತು. ಅದರಲ್ಲಿ ಬೆಳೆಯುತ್ತಿದ್ದದ್ದು ಶತಾವರಿ ಜಾತಿಯ ಆಸ್ಪರಾಗಸ್ ಎಂಬ ತರಕಾರಿ. ಆ ತೋಟವನ್ನು ಗೊನ್ಸಾಲೊ ಮೆಂಡೆಜ್ ಗೇಣಿಗೆ ಪಡೆದರು. ಅವರು ಮೆಕ್ಸಿಕೋದಲ್ಲಿ ಹುಟ್ಟಿದವರು, ಹೆಂಡತಿ ಫೆಲಿಸಿಟಾಸ್ ಪೋರ್ಟೊ ರಿಕೊದವರು. ಮಕ್ಕಳ ಸೋದರತ್ತೆ ಸೊಲೆಡಾಡ್ ವಿದೌರಿ ತಮ್ಮಿಬ್ಬರು ಹೆಣ್ಣುಮಕ್ಕಳ ಜೊತೆ ಮೆಂಡೆಜರ ಮೂವರು ಮಕ್ಕಳನ್ನೂ ಹದಿನೇಳನೇ ರಸ್ತೆಯ ಶಾಲೆಗೆ ಸೇರಿಸಲು ಕರೆದೊಯ್ದರು. ಬಿಳಿ ಮೈಬಣ್ಣದ ವಿದೌರಿ ಹುಡುಗಿಯರಿಗೆ ಸ್ಥಳವಿತ್ತು, ಮೆಂಡೆಜರ ಮಗಳು ಸಿಲ್ವಿಯಾ ಮತ್ತು ಅವಳ ತಮ್ಮಂದಿರಿಗೆ ಇರಲಿಲ್ಲ. ಮೆಕ್ಸಿಕನ್ನರ ಶಾಲೆಗೆ ಹೋಗಿ ಎಂಬ ಉತ್ತರ ಕೇಳಿದ ಅತ್ತೆ ತನ್ನ ಮಕ್ಕಳನ್ನೂ ಅಲ್ಲಿ ಬಿಡದೆ ಐವರನ್ನೂ ಮನೆಗೆ ನಡೆಸಿಕೊಂಡು ಬಂದರು. ಈ ಹೆಂಗಸಿನ ನಡಿಗೆಗೆ ಚರಿತ್ರೆಯ ಪುಸ್ತಕಗಳು ಇನ್ನಷ್ಟು ಜಾಗ ಕೊಡಬೇಕಿತ್ತೆಂದು ನನ್ನ ಅನಿಸಿಕೆ.

ಫೆಲಿಸಿಟಾಸ್ ತೋಟದ ಹೊಣೆ ಹೊತ್ತರು. ಗೊನ್ಸಾಲೊ ವಕೀಲ ಡೇವಿಡ್ ಮಾರ್ಕಸ್ ಜೊತೆ ಊರೂರು ಅಲೆದು ಹೆತ್ತವರನ್ನು ಕೂಡಿಸಿದರು. 1945ರ ಮಾರ್ಚ್ 2ರಂದು ಐವರು ತಂದೆಯರು ಸುಮಾರು 5,000 ಮಕ್ಕಳ ಪರವಾಗಿ ನಾಲ್ಕು ಶಾಲಾ ಮಂಡಳಿಗಳ ಮೇಲೆ ದಾವೆ ಹೂಡಿದರು. ಜುಲೈನಲ್ಲಿ ಲಾಸ್ ಏಂಜಲೀಸಿನ ಸ್ಪ್ರಿಂಗ್ ಸ್ಟ್ರೀಟ್ ನ್ಯಾಯಾಲಯದಲ್ಲಿ ವಿಚಾರಣೆ ನಡೆಯಿತು. ಜ್ಯೂರಿ ಇರಲಿಲ್ಲ, ಅರವತ್ತಾರರ ಮೆಕಾರ್ಮಿಕ್ ಒಬ್ಬರೇ.

ಇದು ಜಾತಿಯ ಮಾತಲ್ಲ, ಭಾಷೆಯ ಮಾತು ಎಂದು ಮಂಡಳಿಗಳು ವಾದಿಸಿದವು. ಮಕ್ಕಳಿಗೆ ಇಂಗ್ಲಿಷ್ ಬಾರದು, ಅದಕ್ಕೇ ಬೇರೆ ಶಾಲೆ. ಆದರೆ ಗಾರ್ಡನ್ ಗ್ರೋವ್‌ನ ಸೂಪರಿಂಟೆಂಡೆಂಟ್ ಜೇಮ್ಸ್ ಕೆಂಟ್ ಸಾಕ್ಷಿಕಟ್ಟೆಯಲ್ಲಿ ಹೇನು, ಕೊಳಕು ಕೈ, ಕೊಳಕು ಕಿವಿಗಳ ಪಟ್ಟಿಯನ್ನೇ ಬಿಚ್ಚಿದ. ಮಡಿಯ ಹೆಸರಿನಲ್ಲಿ ಶಾಲೆಯ ಜಗುಲಿಯ ಮೇಲೆ ಕುಳಿತು ಪಾಠ ಕೇಳಿದ ಮಕ್ಕಳ ಕಥೆ ಬಲ್ಲ ನಮಗೆ ಈ ಪಟ್ಟಿ ಹೊಸದೇನಲ್ಲ. ಹದಿನಾಲ್ಕು ವರ್ಷದ ಹುಡುಗಿಯೊಬ್ಬಳು ಬಂದು ಸಲೀಸಾದ ಇಂಗ್ಲಿಷಿನಲ್ಲಿ ಸಾಕ್ಷಿ ನುಡಿದಳು. ಭಾಷೆಯ ವಾದ ಅಲ್ಲೇ ಅರ್ಧ ಕುಸಿಯಿತು.

ಏಳು ತಿಂಗಳ ಬಳಿಕ, 1946ರ ಫೆಬ್ರುವರಿ 18ರಂದು ತೀರ್ಪು ಬಂತು. ಎಲ್ ಮೊಡೆನಾ ಎಂಬಲ್ಲಿ ಒಂದೇ ಆವರಣದಲ್ಲಿ ಎರಡು ಶಾಲೆಗಳು 120 ಗಜ ದೂರದಲ್ಲಿ ನಿಂತಿದ್ದವೆಂದು ನ್ಯಾಯಾಧೀಶರು ದಾಖಲಿಸಿದರು. ಭಾಷಾಪರೀಕ್ಷೆಗಳು ಬರೀ ಕಣ್ಣೊರೆಸುವ ಆಟವೆಂದೂ, ಮಗುವಿನ ಹೆಸರು ನೋಡಿಯೇ ಶಾಲೆ ಗೊತ್ತಾಗುತ್ತಿತ್ತೆಂದೂ ಕಂಡುಕೊಂಡರು. ಬೇರೆ ಇಟ್ಟಷ್ಟೂ ಮಕ್ಕಳು ಇಂಗ್ಲಿಷ್ ಕಲಿಯುವುದು ತಡವಾಗುತ್ತದೆ ಎಂದರು. ಕ್ಯಾಲಿಫೋರ್ನಿಯಾದ ಕಾನೂನು ಇಂಡಿಯನ್ (ಅಲ್ಲಿನ ಮೂಲನಿವಾಸಿ), ಚೀನೀ, ಜಪಾನಿ, ಮಂಗೋಲಿಯನ್ ಮಕ್ಕಳನ್ನು ಬೇರೆ ಕೂರಿಸಲು ಅವಕಾಶ ಕೊಟ್ಟಿತ್ತು. ಮೆಕ್ಸಿಕನ್ನರ ಹೆಸರು ಅದರಲ್ಲಿರಲಿಲ್ಲ. ಇಷ್ಟನ್ನೇ ಹೇಳಿ ಕಲಮು ಕೆಳಗಿಟ್ಟಿದ್ದರೂ ದಾವೆ ಗೆಲ್ಲುತ್ತಿತ್ತು. ಆದರೆ ಅವರು ಅಲ್ಲಿಗೆ ನಿಲ್ಲಲಿಲ್ಲ. ಪ್ರತ್ಯೇಕವಾದರೂ ಸಮಾನ ಎಂಬ 1896ರ ಸುಪ್ರೀಂ ಕೋರ್ಟ್ ನಿಯಮ ಇನ್ನೂ ಜೀವಂತವಿದ್ದಾಗಲೇ, ಅದೇ ಪುಸ್ತಕ, ಅದೇ ಪಾಠ, ಅಂಥದೇ ಕಟ್ಟಡ ಕೊಟ್ಟ ಮಾತ್ರಕ್ಕೆ ಕಾನೂನಿನ ಸಮಾನ ರಕ್ಷಣೆ ಕೊಟ್ಟಂತಾಗದು, ಸಾಮಾಜಿಕ ಸಮಾನತೆಯೇ ಅಮೆರಿಕದ ಸಾರ್ವಜನಿಕ ಶಿಕ್ಷಣದ ಜೀವಾಳ ಎಂಬರ್ಥದಲ್ಲಿ ಬರೆದರು. ಶಾಲೆಗಳಲ್ಲಿ ಮಕ್ಕಳನ್ನು ಬೇರ್ಪಡಿಸುವುದು ಸಂವಿಧಾನದ 14ನೇ ತಿದ್ದುಪಡಿಗೆ ವಿರುದ್ಧವೆಂದು ಫೆಡರಲ್ ನ್ಯಾಯಾಲಯವೊಂದು ಸಾರಿದ್ದು ಅದೇ ಮೊದಲು.

ಮಂಡಳಿಗಳು ಮೇಲ್ಮನವಿ ಹೋದವು. ಕಪ್ಪು ಜನರ ಹಕ್ಕಿನ ಸಂಘಟನೆಯ ವಕೀಲ ತುರ್ಗುಡ್ ಮಾರ್ಷಲ್ ಹೆತ್ತವರ ಪರವಾಗಿ ವಾದಪತ್ರ ಸಲ್ಲಿಸಿದರು. 1947ರ ಏಪ್ರಿಲ್ 14ರಂದು ಒಂಬತ್ತನೆಯ ಸರ್ಕ್ಯೂಟಿನ ಮೇಲ್ಮನವಿ ನ್ಯಾಯಾಲಯ ತೀರ್ಪನ್ನು ಎತ್ತಿಹಿಡಿಯಿತು, ಆದರೆ ಕಾನೂನಿನಲ್ಲಿ ಮೆಕ್ಸಿಕನ್ನರ ಹೆಸರಿಲ್ಲ ಎಂಬ ಕಿರಿದಾದ ಕಾರಣಕ್ಕೆ. ಮೆಕಾರ್ಮಿಕ್ ಹಾಕಿದ ದೊಡ್ಡ ಹೆಜ್ಜೆಯನ್ನು ಮೇಲಿನವರು ಜಾಣತನದಿಂದ ಸುತ್ತಿಹೋದರು. ಅದೇ ವರ್ಷದ ಜೂನ್‌ನಲ್ಲಿ ರಾಜ್ಯಪಾಲ ಅರ್ಲ್ ವಾರೆನ್ ಆ ಹಳೆಯ ಪ್ರತ್ಯೇಕತೆಯ ಕಲಮುಗಳನ್ನೇ ತೆಗೆದುಹಾಕುವ ಮಸೂದೆಗೆ ಸಹಿ ಮಾಡಿದರು.

ಮೆಕಾರ್ಮಿಕ್ 1951ರಲ್ಲಿ ಪೂರ್ಣಾವಧಿಯ ಕೆಲಸದಿಂದ ಬಿಡುಗಡೆ ಪಡೆದರು. ಮೂರು ವರ್ಷಗಳ ಮೇಲೆ, ಅದೇ ವಾರೆನ್ ಮುಖ್ಯ ನ್ಯಾಯಮೂರ್ತಿಯಾಗಿ, ಅದೇ ಮಾರ್ಷಲ್ ವಾದಿಸಿದ ಬ್ರೌನ್ ಮೊಕದ್ದಮೆಯಲ್ಲಿ ದೇಶದ ಸಾರ್ವಜನಿಕ ಶಾಲೆಗಳ ಪ್ರತ್ಯೇಕತೆಯನ್ನೇ ರದ್ದುಗೊಳಿಸಿದರು. ಆ ತೀರ್ಪಿನಲ್ಲಿ ಮೆಂಡೆಜ್ ಪ್ರಕರಣದ ಉಲ್ಲೇಖವಿಲ್ಲ. ಮೆಕಾರ್ಮಿಕ್ 1960ರಲ್ಲಿ ತೀರಿಕೊಂಡರು. ಸಿಲ್ವಿಯಾ ಮೆಂಡೆಜ್‌ಗೆ 2011ರಲ್ಲಿ ಅಧ್ಯಕ್ಷ ಒಬಾಮ ದೇಶದ ಅತ್ಯುಚ್ಚ ನಾಗರಿಕ ಪದಕ ತೊಡಿಸಿದರು. ಮೆಕಾರ್ಮಿಕ್ ಕುಳಿತಿದ್ದ ನ್ಯಾಯಾಲಯದ ವ್ಯಾಪ್ತಿ 1966ರಲ್ಲೇ ಒಡೆದುಹೋಗಿತ್ತು: ಲಾಸ್ ಏಂಜಲೀಸ್ ಹೊಸ ಕೇಂದ್ರ ಜಿಲ್ಲೆಗೆ ಸೇರಿತು, ದಕ್ಷಿಣ ಜಿಲ್ಲೆಯೆಂಬ ಹಳೆಯ ಹೆಸರು ಸ್ಯಾನ್ ಡಿಯಾಗೋ ಪಾಲಿಗೆ ಉಳಿಯಿತು.